ಲಕ್ಷ್ಮಣರ ಕಾಗೆಗಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಮಕ್ಕಳ ಚಿತ್ರಕಲಾ ಪ್ರದರ್ಶನದ ಉದ್ಘಾಟನೆಯಲ್ಲಿ ನಿವೃತ್ತ ಚಿತ್ರಕಲಾ ಶಿಕ್ಷಕರು ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಕರೆಯಲು ಬಂದಿದ್ದ ಹಳೆಯ ವಿದ್ಯಾರ್ಥಿಗಳ ಸಂಘದವರು, ‘ಸರ, ಚಿತ್ರಕಲೆಯ ಮಹತ್ವ ಅಂತ ಒಂದಿಷ್ಟು ಮಾತಾಡ್ರಿ’ ಎಂದರು. ಮಹತ್ವದ ಮೇಲೆ ಮಾತಾಡಲು ನನಗೆ ಬರುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ದೇವದುರ್ಗ, ಮಾನ್ವಿ, ರಾಯಚೂರು ಎಂದು ತಿರುಗುತ್ತ ಡ್ರಾಯಿಂಗ್ ಮಾಸ್ತರನಾಗಿ ಇದ್ದೆ. ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದ ಸರ್ ಪೋರ್ಷನ್ ಮುಗಿದಿಲ್ಲವೆಂದು ಕೇಳಿ ಪಡೆಯುವ ಪೀರಿಯಡ್ ಎಂಬುದು ನಿಮಗೆಲ್ಲ ಗೊತ್ತು. ಅದಕ್ಕೆ ಮಹತ್ವ ಬಿಟ್ಟು ಕಾಗೆಯ ಬಗ್ಗೆ ಮಾತಾಡುತ್ತೇನೆ. ಒಬ್ಬ ದೊಡ್ಡ ಕಲಾವಿದ ಜೀವನವಿಡೀ ಬಿಡದೆ ಬರೆದ ಕಾಗೆಯ ಬಗ್ಗೆ.

ನಗಬೇಡಿರಿ. ಆಗಲೇ ಹಿಂದಿನ ಸಾಲಿನಲ್ಲಿ ಯಾರೋ ‘ಸರ್ ಕಾಗಿ ಹಾರಸಾಕ ಹತ್ಯಾರ’ ಅಂದಿದ್ದು ನನಗೆ ಕೇಳಿತು.

ಆ ಕಲಾವಿದ ನಮ್ಮ ಕರ್ನಾಟಕದವರು, ಆರ್.ಕೆ. ಲಕ್ಷ್ಮಣ್. ಹುಟ್ಟಿದ್ದು ಮೈಸೂರಿನಲ್ಲಿ, 1921ರ ಅಕ್ಟೋಬರ್ 24ರಂದು. ತಂದೆ ಹೈಸ್ಕೂಲಿನ ಹೆಡ್‌ಮಾಸ್ತರರು. ಆರು ಜನ ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಕಥೆಗಾರ ಆರ್.ಕೆ. ನಾರಾಯಣ್ ಇವರ ಅಣ್ಣ. ದೊಡ್ಡವರಿಗೆ ‘ಟೈಮ್ಸ್ ಆಫ್ ಇಂಡಿಯಾ’ದ ಮೊದಲ ಪುಟದ ಆ ಸಣ್ಣ ವ್ಯಂಗ್ಯಚಿತ್ರ ನೆನಪಿರಬಹುದು. ಚೌಕಳಿ ಕೋಟು, ಧೋತರ, ದುಂಡು ಕನ್ನಡಕ, ಬೋಳುತಲೆಯ ಎರಡು ಬದಿಗೆ ಒಂದೊಂದು ಹಿಡಿ ಕೂದಲು, ‘ಶ್ರೀಸಾಮಾನ್ಯ’. 1951ರಿಂದ ಅರ್ಧ ಶತಮಾನ ಆ ಮನುಷ್ಯ ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಬಂದು ನಿಂತ. ಒಂದು ಮಾತೂ ಆಡಲಿಲ್ಲ, ಬರೀ ನೋಡಿದ.

ಪತ್ರಿಕೆ ಓದದವರಿಗೂ ಲಕ್ಷ್ಮಣರ ಗೆರೆ ಗೊತ್ತು. 1986ರಲ್ಲಿ ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂತಲ್ಲ, ಅದರ ಶುರುವಿನಲ್ಲಿ ಬರುವ ರೇಖಾಚಿತ್ರಗಳು ಇವರವೇ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ರಾಯಚೂರಿನಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಕಪ್ಪು ಬಿಳುಪು ಟಿ.ವಿ. ಇತ್ತು. ಕಥೆ ಶುರುವಾದ ಕೂಡಲೇ ಉಳಿದವರೆಲ್ಲ ಕಣ್ಣರಳಿಸಿ ಕುಳಿತರೆ, ನನಗೆ ಚಿತ್ರ ಇಷ್ಟು ಬೇಗ ಮುಗಿದು ಹೋಯಿತಲ್ಲ ಎಂದು ಬೇಸರ. ನಾಲ್ಕು ಗೆರೆಯಲ್ಲಿ ಒಂದು ಇಡೀ ಓಣಿಯನ್ನು ನಿಲ್ಲಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದೆ.

ಅದೇ ಮನೆಯಲ್ಲಿ ಒಂದು ದಿನ, ಹಳೆಯ ಇಂಗ್ಲಿಷ್ ವಾರಪತ್ರಿಕೆಯೊಂದರ ಬಣ್ಣದ ಪುಟದಲ್ಲಿ ಲಕ್ಷ್ಮಣರ ಒಂದು ಕಾಗೆಯ ಚಿತ್ರ ಕಂಡೆ. ಮಂತ್ರಿ ಇಲ್ಲ, ಖುರ್ಚಿ ಇಲ್ಲ, ಕೆಳಗೆ ಹಾಸ್ಯದ ಮಾತೂ ಇಲ್ಲ. ಬರೀ ಕಾಗೆ. ತಲೆ ಒಂದು ಕಡೆ ವಾಲಿಸಿ, ಕೊಕ್ಕು ಸ್ವಲ್ಪ ತೆರೆದು, ‘ನೀ ಏನು ತಿನ್ನಾಕ ಹತ್ತೀ?’ ಎಂದು ಕೇಳುವ ಹಾಗೆ ನೋಡುತ್ತಿತ್ತು. ನಾನು ನಕ್ಕೆ. ಆಮೇಲೆ ಆ ಪುಟವನ್ನು ಹರಿದುಕೊಳ್ಳಲೇ ಎಂದು ಯೋಚಿಸಿದೆ. ಅತ್ತೆಗೆ ಹೆದರಿ ಬಿಟ್ಟೆ.

ಮುಂದೆ ತಿಳಿಯುತ್ತ ಹೋಯಿತು, ಅದು ಒಂದು ಕಾಗೆಯಲ್ಲ. ಪತ್ರಿಕೆಯ ಕೆಲಸದ ನಡುವೆಯೇ ಲಕ್ಷ್ಮಣ್ ಕಾಗೆಗಳನ್ನು ಎಡೆಬಿಡದೆ ಬರೆದರು. ಗೆರೆಯಲ್ಲಿ, ಜಲವರ್ಣದಲ್ಲಿ, ತೈಲವರ್ಣದಲ್ಲಿ. ಒಂಟಿ ಕಾಗೆ, ಜೋಡಿ ಕಾಗೆ, ಜಗಳವಾಡುವ ಕಾಗೆ, ಏನೋ ಒಳಸಂಚು ಮಾಡುತ್ತಿರುವ ಕಾಗೆಗಳ ಗುಂಪು. ಅವುಗಳ ಪ್ರದರ್ಶನಗಳಾದವು, ಜನ ಕೊಂಡುಕೊಂಡು ಮನೆಯಲ್ಲಿ ತೂಗುಹಾಕಿದರು. ಕಾಗೆ ಮನೆಯೊಳಗೆ ಬಂದರೆ ಅಪಶಕುನ ಎನ್ನುವ ದೇಶದಲ್ಲಿ ದುಡ್ಡು ಕೊಟ್ಟು ಕಾಗೆಯನ್ನು ಒಳಗೆ ಕರೆದುಕೊಂಡರು. ಕೆಲವರು ಈ ಕಾಗೆಗಳನ್ನು ಲಕ್ಷ್ಮಣರ ಬಿಡುವಿನ ಹವ್ಯಾಸ ಎಂದು ಬರೆದುಬಿಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಕಾಗೆ ಮೊದಲು ಬಂತು, ಮಂತ್ರಿಗಳು ಆಮೇಲೆ ಬಂದರು.

ಹೇಗೆಂದರೆ, ಲಕ್ಷ್ಮಣ್ ತಮ್ಮ ಆತ್ಮಕಥೆಯಲ್ಲಿ ಬಾಲ್ಯವನ್ನು ನೆನೆಯುತ್ತ, ಮೈಸೂರಿನ ಮನೆಯ ಕಿಟಕಿಯಿಂದ ಕಂಡದ್ದನ್ನೆಲ್ಲ ಬರೆಯುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ. ಒಣಗಿದ ಕಡ್ಡಿ, ಎಲೆ, ಹರಿದಾಡುವ ಹಲ್ಲಿಯಂಥ ಹುಳಹುಪ್ಪಡಿ, ಕಟ್ಟಿಗೆ ಒಡೆಯುವ ಆಳು, ಎದುರು ಮನೆಗಳ ಮಾಳಿಗೆಯ ಮೇಲೆ ಬಗೆಬಗೆಯಾಗಿ ಕೂತ ಕಾಗೆಗಳು. ಮನೆಯಲ್ಲಿ ‘ಪಂಚ್’, ‘ಸ್ಟ್ರಾಂಡ್’ ಮುಂತಾದ ಇಂಗ್ಲಿಷ್ ಪತ್ರಿಕೆಗಳು ಬರುತ್ತಿದ್ದವು. ಓದಲು ಬರುವ ಮೊದಲೇ ಹುಡುಗ ಅವುಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದ. ಡೇವಿಡ್ ಲೋ ಎಂಬ ಪ್ರಸಿದ್ಧ ವ್ಯಂಗ್ಯಚಿತ್ರಕಾರನ ಸಹಿಯನ್ನು ಬಹಳ ದಿನ ‘ಕೌ’ ಎಂದೇ, ಅಂದರೆ ಆಕಳು ಎಂದೇ ಓದುತ್ತಿದ್ದನಂತೆ. ಆದರೆ ನೋಡಿ, ಇಷ್ಟೆಲ್ಲ ವಿಲಾಯತಿ ಪತ್ರಿಕೆ ಕೈಗೆ ಸಿಕ್ಕರೂ ಹುಡುಗ ನೆಲ, ಗೋಡೆ, ಬಾಗಿಲ ಮೇಲೆ ಬರೆದದ್ದು ತನ್ನ ಕಿಟಕಿಯ ಹೊರಗಿನದನ್ನು.

ಇನ್ನು ಅವರ ಶಾಲೆಯ ಪ್ರಸಂಗ. ಶಿಕ್ಷಕ ಮಿತ್ರರು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಒಂದು ದಿನ ಮಾಸ್ತರರು ತರಗತಿಗೆ ಎಲೆಯೊಂದನ್ನು ಬರೆಯಲು ಹೇಳಿದರು. ಪುಟ್ಟ ಲಕ್ಷ್ಮಣ ಅರಳಿ ಎಲೆ ಬರೆದ. ಮಾಸ್ತರರು ಅದನ್ನು ನೋಡಿ ಮೆಚ್ಚಿ, ನೀನು ಮುಂದೆ ಕಲಾವಿದನಾಗುತ್ತೀ ಎಂದರು. ಅಷ್ಟೇ. ಆವತ್ತಿನಿಂದ ನಾನು ಕಲಾವಿದನಾಗುವವನು ಎಂದುಕೊಂಡೇ ಬೆಳೆದೆ ಎಂದು ಲಕ್ಷ್ಮಣ್ ಬರೆದಿದ್ದಾರೆ. ಮುಂದೆ ಹೈಸ್ಕೂಲು ಮುಗಿದ ಮೇಲೆ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ನಿನ್ನ ಚಿತ್ರಗಳಲ್ಲಿ ಇಲ್ಲ ಎಂಬ ಉತ್ತರ ಬಂತು. ಹುಡುಗ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದ. ಓದುತ್ತಲೇ ಅಣ್ಣನ ಕಥೆಗಳಿಗೆ, ‘ರಾಶಿ’ ಅವರ ‘ಕೊರವಂಜಿ’ಗೆ ಚಿತ್ರ ಬರೆದ. ‘ಕೊರವಂಜಿ’ 1942ರಲ್ಲಿ ಶುರುವಾದ ಕನ್ನಡದ ಹಾಸ್ಯ ಮಾಸಪತ್ರಿಕೆ. ದೇಶವೇ ನೋಡಿದ ಆ ಗೆರೆ ಮೊದಮೊದಲು ಅಚ್ಚಾದ ಕಡೆಗಳಲ್ಲಿ ಒಂದು ಕನ್ನಡದ ಪತ್ರಿಕೆ ಎಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಂದು ದೊಡ್ಡ ಕಲಾಶಾಲೆ ಇಲ್ಲ ಅಂದಾಗಲೂ ಆ ಹುಡುಗ ಬರೆಯುವುದನ್ನು ಬಿಡಲಿಲ್ಲ. ಹೆಸರೂ ಉಳಿಯದ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರು ಹಿಂದೆ ಯಾವಾಗಲೋ ಅರಳಿ ಎಲೆ ನೋಡಿ ಆಡಿದ ಮಾತು ಅವನಲ್ಲಿತ್ತು.

ಈಗ ಕಾಗೆಯ ಹತ್ತಿರ ಹೋಗೋಣ. ಮಕ್ಕಳೇ, ಕಾಗೆಯ ಬಣ್ಣ ಯಾವುದು? (‘ಕಪ್ಪು’ ಎಂದು ಎಲ್ಲರೂ ಕೂಗಿದರು.) ಎಲ್ಲರೂ ತಪ್ಪು! ನಮ್ಮ ಊರಲ್ಲಿ ಎರಡು ಕಾಗೆ ಇವೆ. ಮನೆ ಮುಂದೆ ಬರುವ ಊರುಕಾಗೆಯ ಕುತ್ತಿಗೆ ಬೂದಿ ಬಣ್ಣ. ಪೂರ್ತಿ ಕಪ್ಪಗಿರುವುದು ಕಾಡುಕಾಗೆ. ಅದರ ಕೊಕ್ಕೂ ದಪ್ಪ, ದನಿಯೂ ದಪ್ಪ. ಅದೂ ಬಿಸಿಲಿಗೆ ಬಂದಾಗ ರೆಕ್ಕೆ ನೋಡಿ, ನೀಲಿ ಹೊಳೆಯುತ್ತದೆ, ಒಮ್ಮೊಮ್ಮೆ ಬದನೆಕಾಯಿ ಬಣ್ಣ ಹೊಳೆಯುತ್ತದೆ. ಬರೀ ಕಪ್ಪು ಪೋಸ್ಟರ್ ಕಲರ್ ಬಳಿದರೆ ಕಾಗದದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆಯೇ ಹೊರತು ಕಾಗೆ ಆಗುವುದಿಲ್ಲ. ಕಪ್ಪಿಗೆ ಚೂರು ನೀಲಿ, ಚೂರು ಕೆಂಪು ಬೆರೆಸಬೇಕು, ಬೆಳಕು ಬೀಳುವ ಕಡೆ ತಿಳಿ ಮಾಡಬೇಕು. ಕಣ್ಣಿನಲ್ಲಿ ಒಂದು ಬಿಳಿ ಚುಕ್ಕೆ ಬಿಡಬೇಕು. ಆ ಚುಕ್ಕೆ ಸ್ವಲ್ಪ ಆಚೀಚೆ ಆದರೆ ಕಾಗೆ ನಮ್ಮನ್ನು ಬಿಟ್ಟು ಬೇರೆ ಎಲ್ಲೋ ನೋಡುತ್ತದೆ.

ಲಕ್ಷ್ಮಣರು ಕಾಗೆಯಲ್ಲಿ ಮೆಚ್ಚಿದ್ದು ಅದರ ಚುರುಕು ಬುದ್ಧಿ, ಮತ್ತೆ ಈ ಕಪ್ಪು. ಹಸಿರು ಗಿಡದಲ್ಲಿ ಗಿಳಿ ಕಳೆದುಹೋಗುತ್ತದೆ. ಕಾಗೆ ಗಿಡದಲ್ಲಿ ಕೂತರೂ ಕಾಣುತ್ತದೆ, ಕೆಂಪು ಹಂಚಿನ ಮೇಲೆ ಕೂತರೂ ಕಾಣುತ್ತದೆ, ನೀಲಿ ಆಕಾಶದಲ್ಲೂ ಕಾಣುತ್ತದೆ. ಕುಂಚಕ್ಕೆ ಇಂಡಿಯನ್ ಇಂಕ್ ಅದ್ದಿ ಬರೆಯುವ ಕೈಗೆ ಇದಕ್ಕಿಂತ ಒಳ್ಳೆಯ ಹಕ್ಕಿ ಬೇಕೇ? ಜೊತೆಗೆ ಕಾಗೆಗೆ ನೂರು ಭಂಗಿ. ಕುಪ್ಪಳಿಸುತ್ತ ರೊಟ್ಟಿ ಚೂರಿನ ಹತ್ತಿರ ಬಂದು, ‘ನಾನೇನೂ ಅದಕ್ಕೆ ಬಂದಿಲ್ಲಪ್ಪ’ ಎನ್ನುವಂತೆ ಬೇರೆ ಕಡೆ ಮುಖ ಮಾಡುತ್ತದಲ್ಲ, ಆ ನಾಟಕ ನೀವು ನೋಡಿರಬೇಕು. ಚುನಾವಣೆಯ ಟೈಮಿನಲ್ಲಿ ಅಂಥ ನಡಿಗೆಯವರನ್ನು ಲಕ್ಷ್ಮಣ್ ಪತ್ರಿಕೆಯಲ್ಲೂ ಬರೆದರು. ಅವರ ಕಾಗೆ ಮತ್ತು ಅವರ ಶ್ರೀಸಾಮಾನ್ಯ ನನಗಂತೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ. ಇಬ್ಬರೂ ಎಲ್ಲ ಕಡೆ ಇರುತ್ತಾರೆ, ಯಾರೂ ಅವರನ್ನು ಕಣ್ಣೆತ್ತಿ ನೋಡುವುದಿಲ್ಲ, ಅವರು ಮಾತ್ರ ಎಲ್ಲರನ್ನೂ ನೋಡುತ್ತಾರೆ. ಒಂದೇ ವ್ಯತ್ಯಾಸ, ಕಾಗೆ ಸುಮ್ಮನಿರುವುದಿಲ್ಲ.

ಹೀಗೆ ಒಂದು ಪ್ರಾಣಿಗೆ ಅಂಟಿಕೊಂಡ ಕಲಾವಿದರು ಬೇರೆ ಕಡೆಯೂ ಇದ್ದಾರೆ. ಇಂಗ್ಲೆಂಡಿನಲ್ಲಿ ಲೂಯಿ ವೇನ್ ಎಂಬುವವನು 1860ರಲ್ಲಿ ಹುಟ್ಟಿದ. ಅವನ ಹೆಂಡತಿ ಎಮಿಲಿಗೆ ಮದುವೆಯಾದ ಸ್ವಲ್ಪ ಕಾಲಕ್ಕೆ ಕ್ಯಾನ್ಸರ್ ಬಂತು. ಹಾಸಿಗೆ ಹಿಡಿದವಳನ್ನು ನಗಿಸಲು ಅವನು ಮನೆಯ ಕಪ್ಪು ಬಿಳಿ ಬೆಕ್ಕು ಪೀಟರನನ್ನು ಬರೆಯತೊಡಗಿದ. ಅವಳು 1887ರಲ್ಲಿ ತೀರಿಕೊಂಡಳು. ಬೆಕ್ಕು ನಿಲ್ಲಲಿಲ್ಲ. ಚಹಾ ಕುಡಿಯುವ ಬೆಕ್ಕು, ಕ್ರಿಕೆಟ್ ಆಡುವ ಬೆಕ್ಕು, ಪೇಪರ್ ಓದುವ ಬೆಕ್ಕು ಎಂದು ಬರೆದು ನಾಡನ್ನೇ ನಗಿಸಿದ. ಕೊನೆಗೆ ದುಡ್ಡಿಲ್ಲದೆ, ಮನಸ್ಸು ಕೆಟ್ಟು, ಬಡವರ ಹುಚ್ಚಾಸ್ಪತ್ರೆ ಸೇರಿದ. 1925ರಲ್ಲಿ ಎಚ್.ಜಿ. ವೆಲ್ಸ್ ಮುಂತಾದವರು ಜನರಿಗೆ ಮನವಿ ಮಾಡಿ ಅವನನ್ನು ಒಳ್ಳೆಯ ಜಾಗಕ್ಕೆ ಸೇರಿಸಿದರು. ಅಲ್ಲಿಯೂ ಬೆಕ್ಕನ್ನೇ ಬರೆದ. ನಮ್ಮ ದೇಶದ ಕಾಳಿಘಾಟದ ಪಟಗಳಲ್ಲಿ ಬಾಯಲ್ಲಿ ಸೀಗಡಿ ಕಚ್ಚಿದ, ಹಣೆಗೆ ನಾಮ ಹಾಕಿದ ಕಳ್ಳ ಸನ್ಯಾಸಿ ಬೆಕ್ಕಿದೆ. ಯಾರನ್ನು ಕುರಿತು ಬರೆದರು ಎಂದು ಆ ಕಾಲದವರಿಗೆ ಹೇಳಬೇಕಾಗಿರಲಿಲ್ಲ. ಬೆಕ್ಕೋ ಕಾಗೆಯೋ, ಅವರೆಲ್ಲ ಹುಡುಕಿಕೊಂಡು ದೂರ ಹೋಗಲಿಲ್ಲ. ಬೆಕ್ಕು ಒಲೆಯ ಮುಂದಿತ್ತು, ಕಾಗೆ ಮಾಳಿಗೆ ಮೇಲಿತ್ತು.

ನಮ್ಮ ರಾಯಚೂರು ಕೋಟೆಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ನಾನು ಒಂದು ಕಲ್ಲು ತೋರಿಸುತ್ತಿದ್ದೆ. 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಭಾರಿ ಚಪ್ಪಡಿ ಅದು. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಎಂದು ಯಾರಾದರೂ ಕೇಳುತ್ತಾರೆಂದು ಆ ಶಿಲ್ಪಿಗೆ ಮೊದಲೇ ಗೊತ್ತಿತ್ತೋ ಏನೋ, ಬಂಡಿಯ ಮೇಲೆ ಚಪ್ಪಡಿ ಹೇರಿ, ಸಾಲು ಸಾಲು ಕೋಣ ಕಟ್ಟಿ ಎಳೆಸುತ್ತಿರುವ ಚಿತ್ರವನ್ನೂ ಅಲ್ಲೇ ಕೆತ್ತಿಟ್ಟಿದ್ದಾನೆ. ರಾಜನ ಮೆರವಣಿಗೆಯಲ್ಲ, ಕೋಣಗಳು! ಒಮ್ಮೆ ಮಾನ್ವಿ ಕಡೆಯ ಒಬ್ಬ ಹುಡುಗಿ ಅದನ್ನು ನೋಡಿ, ‘ಸರ, ಕೋಣಕ್ಕ ಭಾಳ ಭಾರ ಆಗ್ಯದರಿ’ ಅಂದಳು. ಏಳು ನೂರು ವರ್ಷ ದಾಟಿ ಆ ಭಾರ ಅವಳಿಗೆ ತಲುಪಿತ್ತು.

ಈಗ ನಾನು ಹೇಳಲೇಬೇಕಾದ ಮಾತು. ಇದಕ್ಕೇ ಇಷ್ಟು ಹೊತ್ತು ಸುತ್ತು ಹಾಕಿದೆ.

ಡ್ರಾಯಿಂಗ್ ಪರೀಕ್ಷೆಯಲ್ಲಿ ‘ಪ್ರಕೃತಿ ದೃಶ್ಯ’ ಎಂದು ಬರುತ್ತದೆ. ಮಕ್ಕಳು ಏನು ಬರೆಯುತ್ತಾರೆ ನಿಮಗೆ ಗೊತ್ತು. ಮೂರು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಸೂರ್ಯನ ಕೆಳಗಿಂದ ಹರಿದು ಬರುವ ಹೊಳೆ, ದಡದಲ್ಲಿ ಹಂಚಿನ ಮನೆ, ಮನೆಯ ಬಗಲಿಗೆ ಎರಡು ತೆಂಗಿನ ಗಿಡ, ಆಕಾಶದಲ್ಲಿ ನಾಲ್ಕು ಅಂಕಿಯ ಹಾಗೆ ಹಕ್ಕಿ. ದೇವದುರ್ಗದ ಯಾವ ಹಳ್ಳಿಯಲ್ಲಿ ಇದು ಕಾಣುತ್ತದೆ? ನಮ್ಮಲ್ಲಿ ಇರುವುದು ಒಂದರ ಮೇಲೊಂದು ಪೇರಿಸಿಟ್ಟ ಬಂಡೆ, ಬಳ್ಳಾರಿ ಜಾಲಿ, ಬೇವು, ಮಣ್ಣಿನ ಮಾಳಿಗೆ, ಸೀರೆ ಸೆರಗು ತಲೆ ಮೇಲೆ ಹೊದ್ದು ಹತ್ತಿ ಬಿಡಿಸುವ ಹೆಂಗಸರು, ಕಾಲುವೆ ನೀರು ಬಂದ ಕಡೆ ಭತ್ತದ ಗದ್ದೆ. ಆದರೂ ಮೂರು ಗುಡ್ಡವನ್ನೇ ನಾನು ಬೋರ್ಡಿನ ಮೇಲೆ ಬರೆದು ಕಲಿಸಿದೆ. ನನಗೂ ನನ್ನ ಮಾಸ್ತರರು ಅದನ್ನೇ ಕಲಿಸಿದ್ದರು.

ಆಗ ನಾನು ಬೇರೆ ಒಂದು ಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ. ಒಬ್ಬ ಹುಡುಗ ಹಾಳೆಯ ತುಂಬ ಒಂದು ಕಾಗೆ ಬರೆದಿದ್ದ. ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಮನೆ. ಗುಡ್ಡವಿಲ್ಲ, ಸೂರ್ಯನಿಲ್ಲ. ಬಣ್ಣ ಕೊಳ್ಳಲು ದುಡ್ಡಿರಲಿಲ್ಲವೇನೋ, ಒಲೆಯ ಇದ್ದಿಲಿನಿಂದ ತಿಕ್ಕಿದ್ದ. ಕುತ್ತಿಗೆಯ ಹತ್ತಿರ ಬೆರಳಿಂದ ಒರೆಸಿ ಬೂದಿ ಬಣ್ಣ ತಂದಿದ್ದ. ನಾನು ಅವನನ್ನು ಎಬ್ಬಿಸಿ ನಿಲ್ಲಿಸಿದೆ.

‘ಏನಲೇ ಇದು? ಪ್ರಕೃತಿ ದೃಶ್ಯ ಬರಿ ಅಂದ್ರ ಕಾಗಿ ಬರದೀಯಲ್ಲ?’

‘ಸರ, ನಳದ ಕಟ್ಟಿ ಮ್ಯಾಲ ಕುಂತಿತ್ರಿ.’

‘ಮನಿಗಿಂತ ಕಾಗಿ ದೊಡ್ಡದು ಇರ್ತದೇನು?’

‘ಕಾಗಿ ಹಂತ್ಯಾಕ ಇತ್ರಿ ಸರ. ಮನಿ ದೂರ ಇತ್ತು.’

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಕೆಂಪು ಶಾಯಿಯಲ್ಲಿ ಹತ್ತಕ್ಕೆ ಎರಡು ಹಾಕಿದೆ.

ಶಿಕ್ಷಕ ಮಿತ್ರರೇ, ಆ ಹುಡುಗ ನನಗೆ ಪರ್ಸ್‌ಪೆಕ್ಟಿವ್ ಪಾಠ ಹೇಳಿದ್ದ. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು. ಮುಂದಿನ ತಿಂಗಳು ನಾನೇ ಅವರಿಗೆ ರೈಲು ಹಳಿ, ವಿದ್ಯುತ್ ಕಂಬ ಬರೆದು ಆ ಪಾಠ ಮಾಡಬೇಕಿತ್ತು. ಮಾಡಿದೆ ಕೂಡ. ಬೋರ್ಡಿನ ಮೇಲೆ ಕಂಬಗಳನ್ನು ಸಣ್ಣದು ಮಾಡುತ್ತ ಹೋಗುವಾಗ ಕೈ ನಿಂತಿತು. ತಿರುಗಿ ನೋಡಿದೆ. ಅವನು ಇರಲಿಲ್ಲ. ಪರೀಕ್ಷೆ ಆದಮೇಲೆ ಡ್ರಾಯಿಂಗ್ ಪೀರಿಯಡ್‌ಗೆ ಅವನು ಪುಸ್ತಕ ತರುತ್ತಿರಲಿಲ್ಲ, ಆಮೇಲೆ ಶಾಲೆಗೇ ಬರಲಿಲ್ಲ. ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋದರು ಎಂದು ಹುಡುಗರು ಹೇಳಿದರು. ನನ್ನ ಎರಡು ಅಂಕಕ್ಕೂ ಅವನು ಶಾಲೆ ಬಿಟ್ಟಿದ್ದಕ್ಕೂ ಸಂಬಂಧವಿಲ್ಲ, ಆ ವರ್ಷ ಮಳೆಯಿರಲಿಲ್ಲ. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಅದಾದ ಕೆಲವು ವರ್ಷದ ಮೇಲೆ ಲಕ್ಷ್ಮಣರ ಅರಳಿ ಎಲೆಯ ಪ್ರಸಂಗ ಓದಿದೆ. ಓದಿ ಪುಸ್ತಕ ಮುಚ್ಚಿಟ್ಟೆ. ಆ ಮೇಲೆ ನಾನು ಮೂರು ಗುಡ್ಡ ಕಲಿಸಲಿಲ್ಲ. ಈ ಶಾಲೆಗೆ ಬಂದಾಗ ಮೊದಲ ದಿನವೇ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕೂಡಿಸಿ, ‘ಕಂಡಿದ್ದು ಬರೀರಿ’ ಅಂದೆ. ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬೇಕು. ‘ಮಾಸ್ತರಗ ಪಾಠ ಮಾಡಾಕ ಬ್ಯಾಸರ’ ಎಂದು ನೀವು ಆಡಿಕೊಂಡದ್ದೂ ನನಗೆ ಗೊತ್ತು.

ಲಕ್ಷ್ಮಣ್ 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಮರುದಿನ ನಮ್ಮ ಏಳನೆಯ ಕೋಣೆಯಲ್ಲಿ ಮಕ್ಕಳಿಂದ ಕಾಗೆ ಬರೆಸಿದೆ. ನಲವತ್ತು ಚಿಲ್ಲರೆ ಕಾಗೆ. ಬಿಸಿಯೂಟದ ತಟ್ಟೆ ಇಣುಕುವ ಕಾಗೆ, ಕರೆಂಟ್ ತಂತಿಯ ಕಾಗೆ, ಅಜ್ಜನ ದಿನಕ್ಕೆ ಹೊಳೆ ದಂಡೆಯಲ್ಲಿ ಎಡೆ ಇಟ್ಟರೂ ಬರದೆ ಎಲ್ಲರನ್ನೂ ಕಾಯಿಸಿದ ಕಾಗೆ. ಅವುಗಳಲ್ಲಿ ಉಳಿದ ಕೆಲವನ್ನು ಇವತ್ತು ಪ್ರದರ್ಶನಕ್ಕೆ ಇಟ್ಟಿದ್ದಾರೆ, ನೋಡಿರಿ.

ನಾನು ನಿವೃತ್ತನಾದ ಮೇಲೆ ಈ ಶಾಲೆಗೆ ಡ್ರಾಯಿಂಗ್ ಮಾಸ್ತರು ಬಂದಿಲ್ಲ. ಬರುವವರೆಗೆ ಶನಿವಾರ ಬೆಳಿಗ್ಗೆ ನಾನೇ ಬಂದು ಎರಡು ತಾಸು ಕೂಡುತ್ತೇನೆಂದು ಮುಖ್ಯ ಗುರುಗಳಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ನಳದ ಪಕ್ಕದ ಗೋಡೆಗೆ ಸುಣ್ಣ ಹೊಡೆಸಿ ಮಕ್ಕಳಿಗೆ ಬಿಟ್ಟುಕೊಡುವುದಾಗಿ ಸಂಘದವರೂ ಮಾತು ಕೊಟ್ಟಿದ್ದಾರೆ. ಇಷ್ಟು ಜನರ ಮುಂದೆ ಹೇಳಿದ್ದೇನೆ, ಇನ್ನು ತಪ್ಪಿಸಿಕೊಳ್ಳಲಾಗದು.

ಕೊನೆಗೆ ಒಂದು. ನಿವೃತ್ತಿಯ ಮುಂದೆ ಮನೆಯ ಟ್ರಂಕ್ ತೆಗೆದಾಗ ಹಳೆಯ ಉತ್ತರ ಪತ್ರಿಕೆಗಳ ಕಟ್ಟೊಂದು ಸಿಕ್ಕಿತು. ಅಂಚೆಲ್ಲ ಗೆದ್ದಲು ತಿಂದಿತ್ತು. ಅದರಲ್ಲಿ ಆ ಇದ್ದಿಲಿನ ಕಾಗೆ ಇತ್ತು. ಇದೇ ಅದು. (ಚಿತ್ರವನ್ನು ಎತ್ತಿ ತೋರಿಸಿದರು.) ಹಿಂದೆ ಕೂತವರಿಗೂ ಕಾಣುತ್ತದೆಯೇ? ಕಾಣಬೇಕು, ಹಾಳೆಯ ತುಂಬ ಇದೆ. ಇದಕ್ಕೆ ಚೌಕಟ್ಟು ಹಾಕಿಸಿ ನಮ್ಮ ಮಕ್ಕಳ ಕಾಗೆಗಳ ನಡುವೆ ತೂಗುಹಾಕಲು ಕೊಡುತ್ತಿದ್ದೇನೆ. ಹಿಂದೆ ಅವನ ಹೆಸರಿದೆ. ಯಾರಾದರೂ ಗುರುತಿನವರು ಇದ್ದರೆ ಅವನಿಗೆ ತಿಳಿಸಲಿ. ಮೇಲಿನ ಮೂಲೆಯ ಕೆಂಪು ಶಾಯಿಯ ಅಂಕವನ್ನು ಅಳಿಸಲೇ ಎಂದು ಸಂಘದ ಹುಡುಗರು ಕೇಳಿದರು. ಬೇಡ ಅಂದಿದ್ದೇನೆ. ಅದು ಹಾಗೇ ಇರಲಿ, ಕೆಳಗೆ ನನ್ನ ಸಹಿಯೂ ಇದೆ.

ಬಿಸಿಲು ಏರಿತು, ಮಕ್ಕಳಿಗೆ ಊಟದ ಹೊತ್ತು.